ವಿಶ್ವ ಅಂಚೆ ದಿನವೂ ಬರ್ನ್ ಪಟ್ಟಣದ ಒಡಂಬಡಿಕೆಯೂ

ಪ್ರತಿ ವರ್ಷ ಅಕ್ಟೋಬರ್ ತಿಂಗಳ 9ನೆಯ ತಾರೀಖು ಲೋಕದ ನಾನಾ ದೇಶಗಳಲ್ಲಿ ವಿಶ್ವ ಅಂಚೆ ದಿನವೆಂದು ಆಚರಿಸಲ್ಪಡುತ್ತದೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ತಿಳಿದ ವಿಷಯವೇ. ಆ ದಿನ ಪ್ರಾತಃಕಾಲದ ಕೂಟದಲ್ಲಿ ಯಾರಾದರೊಬ್ಬರು ಅದರ ವಿಷಯವಾಗಿ ನಾಲ್ಕು ಮಾತು ಓದುವರು. ಕರೀಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಒಂದು ಕೆಂಪು ಪೆಟ್ಟಿಗೆಯ ಚಿತ್ರವನ್ನು ಬರೆಯುವರು. ಮಾರನೆಯ ದಿನ ಗಣಿತದ ಪಾಠಕ್ಕೆ ಸ್ಥಳ ಬೇಕಾಗಿ ಅದನ್ನು ಅಳಿಸುವರು. ಇಂಥ ದಿನಗಳು ಈಗ ವರ್ಷದಲ್ಲಿ ಬಹಳವಾಗಿ ಹೆಚ್ಚಿರುವುದರಿಂದ ಒಂದೊಂದಕ್ಕೂ ನಾವು ಕೊಡುವ ಲಕ್ಷ್ಯವು ಇಷ್ಟೇ ಎಂದು ಒಪ್ಪಿಕೊಳ್ಳಬೇಕು. ಈ ದಿನವನ್ನು ಕುರಿತು ನಾವೂ ಹೆಚ್ಚಾಗಿ ಯೋಚಿಸಿದವರಲ್ಲ. ಹೀಗಿರಲಾಗಿ, ಒಂದು ಸಾರಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯು ನಮ್ಮನ್ನು ಪುಸ್ತಕಗಳ ಕಡೆಗೆ ಓಡಿಸಿತು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಪಾಠವನ್ನು ಬರೆಯುತ್ತಿದ್ದೇವೆ.

ಆ ಹುಡುಗಿಯ ದೊಡ್ಡಮ್ಮನವರು ಜರ್ಮನಿ ದೇಶದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿ ಕೆಲಸ ಮಾಡುತ್ತಿರುವರು. ಅವರಿಗೆ ಕೈಯಿಂದ ಬರೆದ ಒಂದು ಕಾಗದವನ್ನು ಕಳುಹಿಸಬೇಕೆಂದು ಅವಳು ಲಕೋಟೆಯನ್ನು ಅಂಟಿಸಿ, ಅಂಚೆಚೀಟಿಗಳನ್ನು ಹಚ್ಚಿ, ವಿಳಾಸವು ಸರಿಯಾಗಿದೆಯೋ ಎಂದು ತೋರಿಸಲು ನಮ್ಮ ಬಳಿಗೆ ತಂದಳು. ತೋರಿಸಿದ ಮೇಲೆ ಹೋಗದೆ ಅಲ್ಲಿಯೇ ನಿಂತು ಕೇಳಿದಳು: “ಟೀಚರೇ, ನಾನು ಚೀಟಿಗೆ ಕೊಟ್ಟ ಹಣವೆಲ್ಲಾ ನಮ್ಮ ಊರಿನ ಅಂಚೆಮನೆಗೇ ಸೇರಿತಲ್ಲ. ಹಾಗಾದರೆ ಅಲ್ಲಿ ದೊಡ್ಡಮ್ಮನ ಮನೆಬಾಗಿಲಿಗೆ ಇದನ್ನು ಕೊಂಡುಹೋಗುವವನಿಗೆ ಸಂಬಳ ಕೊಡುವವರು ಯಾರು?”

ನಮಗೆ ಉತ್ತರ ತಿಳಿದಿರಲಿಲ್ಲ. ನಾಳೆ ಹೇಳುತ್ತೇವೆಂದು ಕಳುಹಿಸಿಕೊಟ್ಟೆವು. ನಾಳೆಯೆಂಬುದು ಮೂರು ವಾರಗಳಾಯಿತು.

ಈ ಪ್ರಶ್ನೆಯ ಮೂಲವನ್ನು ತಿಳಿಯಬೇಕಾದರೆ ಮೊದಲು ಹಳೆಯ ಕಾಲದ ಅಂಚೆಯ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಕಾಗದಗಳನ್ನು ಒಯ್ಯುವ ಏರ್ಪಾಡು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿಯೇ, ಅಂದರೆ 17ನೆಯ ಶತಮಾನದ ಉತ್ತರಾರ್ಧದಲ್ಲಿಯೇ, ಅಂಚೆಯ ಇಲಾಖೆಯೊಂದು ಸ್ಥಾಪಿತವಾಗಿತ್ತು. ಹರಿಕಾರರು ಓಡುತ್ತಾ ಹೋಗಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಚೀಲವನ್ನು ದಾಟಿಸುತ್ತಿದ್ದರು. ಈ ಮೈಸೂರು ಅಂಚೆಯು ಬಹುಕಾಲ ಬ್ರಿಟಿಷ್ ಸರಕಾರದ ಟಪಾಲಿನ ಪಕ್ಕದಲ್ಲಿಯೇ ಬೇರೆಯಾಗಿ ನಡೆದು, 1889ರಲ್ಲಿ ಅದರೊಂದಿಗೆ ಕೂಡಿಹೋಯಿತು. ಅಂದರೆ ಒಂದೇ ನಾಡಿನೊಳಗೆ ಎರಡು ಅಂಚೆಗಳಿದ್ದ ಕಾಲವನ್ನು ನಮ್ಮ ಅಜ್ಜಂದಿರ ಅಜ್ಜಂದಿರು ಕಣ್ಣಾರೆ ಕಂಡಿದ್ದರು. ಅಂಚೆಮನೆಯೆಂದರೆ ಆಕಾಶದಿಂದ ಒಂದೇ ಸಾರಿ ಇಳಿದು ಬಂದ ವಸ್ತುವೆಂದು ತಿಳಿಯುವ ಮಕ್ಕಳು ಇದನ್ನು ಮನಸ್ಸಿನಲ್ಲಿಡಬೇಕು.

ಆ ಕಾಲದಲ್ಲಿ ಕಾಗದದ ಕೂಲಿಯು ದೂರಕ್ಕೆ ತಕ್ಕಂತೆ ಏರುತ್ತಿತ್ತು. ಮತ್ತು ಅನೇಕ ವೇಳೆ ಕಳುಹಿಸಿದವನಲ್ಲ, ಪಡೆದವನೇ ಅದನ್ನು ತೆರಬೇಕಾಗುತ್ತಿತ್ತು. ಇಂಗ್ಲೆಂಡಿನಲ್ಲಿ ರೋಲೆಂಡ್ ಹಿಲ್ ಎಂಬವರು ಈ ವಿಷಯವನ್ನು ಶೋಧಿಸಿ, ಕಾಗದವನ್ನು ದೂರಕ್ಕೆ ಒಯ್ಯುವುದರಲ್ಲಿ ಆಗುವ ಖರ್ಚು ಅತ್ಯಲ್ಪವೆಂದೂ, ಲೆಕ್ಕ ಬರೆಯುವುದರಲ್ಲಿಯೂ ಮನೆಮನೆಗೆ ಹೋಗಿ ಹಣ ವಸೂಲು ಮಾಡುವುದರಲ್ಲಿಯೂ ಆಗುವ ಖರ್ಚೇ ದೊಡ್ಡದೆಂದೂ 1837ರಲ್ಲಿ ಬರೆದು ತೋರಿಸಿದರು. ಆದಕಾರಣ 1840ರಿಂದ ಆ ದೇಶದೊಳಗೆ ಎಷ್ಟು ದೂರಕ್ಕಾದರೂ ಅರ್ಧ ಔನ್ಸಿನ ಕಾಗದಕ್ಕೆ ಒಂದೇ ಪೆನ್ನಿಯೆಂದೂ, ಅದನ್ನು ಚೀಟಿ ಹಚ್ಚಿ ಮೊದಲೇ ತೆರಬೇಕೆಂದೂ ನಿಯಮವಾಯಿತು. ಲೋಕದಲ್ಲಿ ಅಂಟಿಸುವ ಅಂಚೆಚೀಟಿಯ ಜನ್ಮವು ಅದೇ. ಬ್ರಿಟನ್ನಿನ ಅಂಚೆಚೀಟಿಗಳ ಮೇಲೆ ಇಂದಿಗೂ ದೇಶದ ಹೆಸರು ಇರುವುದಿಲ್ಲ. ಮೊದಲು ಅಚ್ಚು ಮಾಡಿದವರೆಂಬ ಮಾನದಿಂದ ಈ ಒಂದು ವಿನಾಯತಿಯು ಅವರಿಗೆ ಉಳಿದಿದೆ. ನಮ್ಮ ದೇಶದಲ್ಲಿ 1854ರಲ್ಲಿ ಇದೇ ರೀತಿಯಾಗಿ, ಕಾಲು ತೊಲೆಯ ಕಾಗದಕ್ಕೆ ದೂರವನ್ನು ಲೆಕ್ಕಿಸದೆ ಅರ್ಧ ಆಣೆಯೆಂದು ಗೊತ್ತು ಮಾಡಲ್ಪಟ್ಟಿತು.

ಆದರೆ ಈ ಸುಖವೆಲ್ಲಾ ದೇಶದ ಎಲ್ಲೆಯ ಒಳಗೆ ಮಾತ್ರ. ಎಲ್ಲೆಯನ್ನು ದಾಟಿದೊಡನೆ ಕಾಗದದ ಪಾಡು ಬೇರೆಯಾಗುತ್ತಿತ್ತು. ಒಂದು ಉದಾಹರಣೆಯನ್ನು ನಮ್ಮ ಕರಾವಳಿಯಿಂದಲೇ ತೆಗೆದುಕೊಳ್ಳೋಣ. 1834ರಲ್ಲಿ ಬಾಸೆಲ್ ಮಿಶನಿನ ಮೂವರು ಉಪದೇಶಕರು ಸ್ವಿಟ್ಜರ್‌ಲೆಂಡಿನಿಂದ ಮಂಗಳೂರಿಗೆ ಬಂದರು. ಮುಂದೆ 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಮೊದಲನೆಯ ಕನ್ನಡ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಅದೇ ಬಳಗದವರು. ಅವರು ತಮ್ಮ ಊರಿಗೆ ಬರೆದ ಕಾಗದಗಳು ಬಾಸೆಲಿನ ದಫ್ತರಖಾನೆಯಲ್ಲಿ ಇಂದಿಗೂ ಇವೆ. ಆ ಕಾಗದಗಳು ಹೋದ ದಾರಿಯನ್ನು ಭೂಪಟದಲ್ಲಿ ಬೆರಳಿಟ್ಟು ನೋಡಿರಿ. ಒಂದೋ ಆಫ್ರಿಕಾ ಖಂಡದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಬೇಕು. ಇಲ್ಲವೇ ಕೆಂಪು ಸಮುದ್ರದ ಮಾರ್ಗವಾಗಿ ಸುಯೆಜಿನ ವರೆಗೆ ಹೋಗಿ, ಅಲ್ಲಿ ಮರುಭೂಮಿಯನ್ನು ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ಪುನಃ ಹಡಗು ಹತ್ತಿ, ಯೂರೋಪಿನ ಬಂದರನ್ನು ಸೇರಿ, ಅಲ್ಲಿಂದ ಒಂದೆರಡು ರಾಜ್ಯಗಳನ್ನು ಹಾದು ಬಾಸೆಲನ್ನು ಮುಟ್ಟಬೇಕು. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಸರಕಾರವೂ ತನ್ನ ನೆಲದ ಮೇಲೆ ಹಾದುಹೋದುದಕ್ಕಾಗಿ ತನ್ನ ಪಾಲನ್ನು ಕೇಳುತ್ತಿತ್ತು. ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ತೂಕ, ಬೇರೆ ಬೇರೆ ನಾಣ್ಯ, ಬೇರೆ ಬೇರೆ ನೆರೆರಾಜ್ಯದೊಡನೆ ಬೇರೆ ಬೇರೆ ಕರಾರು. ಒಂದೇ ಊರಿನಿಂದ ಒಂದೇ ಊರಿಗೆ ಹೋಗುವ ಎರಡು ಕಾಗದಗಳು ಬೇರೆ ಹಡಗುಗಳಲ್ಲಿ ಹೋದ ಮಾತ್ರಕ್ಕೆ ಅವುಗಳ ಕೂಲಿಯು ಬೇರೆಯಾಗುತ್ತಿತ್ತು. ಅಂಚೆಯ ಗುಮಾಸ್ತನು ಒಂದು ಲಕೋಟೆಯನ್ನು ಕೈಗೆ ತೆಗೆದುಕೊಂಡು, ಅದು ಯಾವ ಯಾವ ರಾಜನ ನೆಲವನ್ನು ತುಳಿಯುವುದೆಂದು ಲೆಕ್ಕ ಹಾಕಿ, ಪಾಲುಪಾಲಾಗಿ ಕೂಡಿಸಿ ಬರೆಯಬೇಕಾಗಿತ್ತು. ಬಡವನು ದೂರದೇಶಕ್ಕೆ ಕಾಗದ ಬರೆಯುವುದು ಸುಲಭವಾಗಿರಲಿಲ್ಲ. ಮನೆಯಿಂದ ದೂರವಾಗಿ ಹೋದವನಿಂದ ಸುದ್ದಿಯೇ ಇಲ್ಲವೆಂಬ ಮಾತಿಗೆ ಅನೇಕ ವೇಳೆ ಮರೆವು ಕಾರಣವಲ್ಲ, ಅಂಚೆಯ ಕೂಲಿಯೇ ಕಾರಣವಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಈ ತೊಡಕನ್ನು ಬಿಡಿಸಬೇಕೆಂದು ಅಮೇರಿಕಾ ಸಂಯುಕ್ತ ಸಂಸ್ಥಾನದ ಅಂಚೆಮಂತ್ರಿಗಳಾಗಿದ್ದ ಮಾಂಟ್‌ಗಮರಿ ಬ್ಲೇರ್ ಎಂಬವರು ಮೊದಲು ಕರೆಕೊಟ್ಟರು. ಅವರ ಕರೆಯ ಮೇರೆಗೆ 1863ರಲ್ಲಿ 15 ದೇಶಗಳ ಪ್ರತಿನಿಧಿಗಳು ಪ್ಯಾರಿಸಿನಲ್ಲಿ ಸೇರಿ ಕೆಲವು ಒಳ್ಳೆಯ ತತ್ವಗಳನ್ನು ಒಪ್ಪಿದರು. ಒಪ್ಪಿ, ಮನೆಗೆ ಹೋದರು. ಸಭೆಗಳ ವಿಷಯದಲ್ಲಿ ಇದು ಆಗಲೂ ಹೀಗೆಯೇ ಇತ್ತು. ಆದರೆ ಬಿತ್ತಿದ ಬೀಜವು ಕೆಡಲಿಲ್ಲ. ಜರ್ಮನಿಯ ಹೈನ್‌ರಿಖ್ ಫಾನ್ ಸ್ಟೆಫಾನ್ ಎಂಬ ಅಂಚೆಯ ಅಧಿಕಾರಿಯು 1868ರಲ್ಲಿ ಎಲ್ಲಾ ದೇಶಗಳ ಅಂಚೆಗಳಿಗೂ ಒಂದೇ ಕೂಟವಾಗಬೇಕೆಂದು ಒಂದು ವಿಜ್ಞಾಪನೆಯನ್ನು ಬರೆದರು. ಇವರು ದೊಡ್ಡ ಮನೆತನದವರಲ್ಲ. ಚಿಕ್ಕ ಊರಿನಲ್ಲಿ ಹುಟ್ಟಿ, ಅಂಚೆಯ ಸಣ್ಣ ಉದ್ಯೋಗದಿಂದ ಮೇಲೆ ಬಂದವರು. ಕಾರ್ಡಿನ ಮೇಲೆ ಬಿಚ್ಚುಕಾಗದ ಬರೆಯುವ ಯೋಚನೆಯನ್ನು 1865ರಲ್ಲಿ ಮುಂದಿಟ್ಟವರೂ ಇವರೇ. ಇವರ ವಿಜ್ಞಾಪನೆಯು ಫಲಿಸುವುದಕ್ಕೆ ಮೊದಲೇ 1870ರಲ್ಲಿ ಜರ್ಮನರಿಗೂ ಫ್ರೆಂಚರಿಗೂ ಯುದ್ಧ ಹೊತ್ತಿಕೊಂಡಿತು. 1871ರಲ್ಲಿ ಅದು ಮುಗಿದಾಗ ಎರಡು ದೇಶಗಳ ನಡುವೆ ಇದ್ದ ಕಹಿಯನ್ನು ಇತಿಹಾಸದ ಪಾಠದಲ್ಲಿ ಓದಿದ್ದೀರಿ. ಹಾಗಿದ್ದರೂ ಸ್ವಿಟ್ಜರ್‌ಲೆಂಡ್ ಸರಕಾರದವರು ಕರೆದ ಸಭೆಗೆ ಅವೆರಡೂ ಬಂದು, ಸಂಧಾನವಾಗಿ ಮೂರೇ ವರ್ಷಗಳಲ್ಲಿ ಒಂದೇ ಮೇಜಿನ ಸುತ್ತ ಕೂತವು. ಫ್ರಾನ್ಸ್ ದೇಶವು ರುಜು ಹಾಕಲು ಕೆಲವು ತಿಂಗಳು ಹಿಂದೆಮುಂದೆ ನೋಡಿತು. 1875ರ ಮೇ ತಿಂಗಳಲ್ಲಿ ಹಾಕಿತು.

ಆ ಸಭೆಯು ನಡೆದದ್ದು ಬರ್ನ್ ಪಟ್ಟಣದಲ್ಲಿ. 1874ನೆಯ ಇಸವಿ ಸೆಪ್ಟೆಂಬರ್ 15ರಂದು ಆರಂಭವಾಗಿ ಅಕ್ಟೋಬರ್ 9ರಂದು ಒಡಂಬಡಿಕೆಗೆ ರುಜು ಬಿದ್ದಿತು. ನಾವು ಆಚರಿಸುವ ದಿನವು ಇದೇ. ಸೇರಿದ್ದ ದೇಶಗಳು 22; ಅವುಗಳಲ್ಲಿ ಹೆಚ್ಚಿನವು ಯೂರೋಪಿನವು, ಅವುಗಳ ಜೊತೆಗೆ ಅಮೇರಿಕಾ, ತುರ್ಕಿ, ಈಜಿಪ್ಟ್. ಒಡಂಬಡಿಕೆಯು 1875ರ ಜುಲೈ 1ರಿಂದ ಜಾರಿಗೆ ಬಂದಿತು. ಲೋಕದ ದೇಶಗಳೆಲ್ಲಾ ಸೇರಿ ಮಾಡಿಕೊಂಡ ದೊಡ್ಡ ಕೂಟವೆಂದರೆ ನಮ್ಮ ಮಕ್ಕಳಿಗೆ ವಿಶ್ವಸಂಸ್ಥೆಯ ಹೆಸರು ನೆನಪಿಗೆ ಬರುತ್ತದೆ. ಅದು ಹುಟ್ಟಿದ್ದು 1945ರಲ್ಲಿ. ಅಂಚೆಯ ಕೂಟವು ಅದಕ್ಕಿಂತ 71 ವರ್ಷ ಹಿರಿಯದು. 1948ರಲ್ಲಿ ಕಿರಿಯದರ ಅಂಗವಾಗಿ ಸೇರಿಕೊಂಡಿತು.

ಇನ್ನು ಆ ಒಡಂಬಡಿಕೆಯೊಳಗೆ ಏನಿತ್ತೆಂಬುದನ್ನು ನಿಧಾನವಾಗಿ ನೋಡಬೇಕು. ಪಾಠದ ಸಾರವು ಇಲ್ಲಿಯೇ ಇದೆ. ಸೇರಿದ ದೇಶಗಳೆಲ್ಲವೂ ಕಾಗದಗಳ ವಿನಿಮಯದ ಮಟ್ಟಿಗೆ ಒಂದೇ ಅಂಚೆಯ ಪ್ರದೇಶವೆಂದು ಎಣಿಸಲ್ಪಡಬೇಕೆಂದು ಮೊದಲನೆಯ ವಿಧಿಯೇ ಹೇಳುತ್ತದೆ. ರಾಜರು ಬೇರೆ, ಸೈನ್ಯ ಬೇರೆ, ಸುಂಕದ ಕಟ್ಟೆ ಬೇರೆ. ಆದರೆ ಒಂದು ಲಕೋಟೆಗೆ ಮಾತ್ರ ಇವೆಲ್ಲವೂ ಸೇರಿ ಒಂದೇ ನಾಡು. 15 ಗ್ರಾಮಿನ ಕಾಗದಕ್ಕೆ ಸಾಮಾನ್ಯ ದರವು 25 ಸೆಂಟೀಮೆಂದು ಗೊತ್ತಾಯಿತು. ಅವರವರ ನಾಣ್ಯಕ್ಕೆ ಹೊಂದಿಸಿಕೊಳ್ಳಲು ಸ್ವಲ್ಪ ಎಡೆ ಬಿಡಲ್ಪಟ್ಟಿತು. ಒಂದು ದೇಶದ ಕಾಗದವು ಇನ್ನೊಂದರ ನೆಲವನ್ನು ಹಾದುಹೋಗುವುದಕ್ಕೆ ಯಾರೂ ಅಡ್ಡಿ ಮಾಡತಕ್ಕದ್ದಲ್ಲವೆಂದು ಗೊತ್ತಾಯಿತು. ಹೀಗೆ ದಾಟಿಸುವ ದೇಶಕ್ಕೆ ತೂಕದ ಮೇಲೆ ಸಾಗಾಣಿಕೆಯ ಖರ್ಚು ಸಲ್ಲುವುದು. ಒಡಂಬಡಿಕೆಯ ಮಾತುಗಳ ಅರ್ಥದಲ್ಲಿ ವಾದ ಬಿದ್ದರೆ, ಜಗಳವಾಡುವ ಒಬ್ಬೊಬ್ಬರೂ ಆ ವಿಷಯದಲ್ಲಿ ಸ್ವಾರ್ಥವಿಲ್ಲದ ಇನ್ನೊಂದು ಸದಸ್ಯ ದೇಶವನ್ನು ಆರಿಸಿಕೊಂಡು, ಅವುಗಳ ತೀರ್ಪಿಗೆ ಒಪ್ಪಬೇಕು. ಇವುಗಳನ್ನೆಲ್ಲಾ ನೋಡಿಕೊಳ್ಳುವುದಕ್ಕೆ ಬರ್ನಿನಲ್ಲಿ ಒಂದು ಚಿಕ್ಕ ಕಚೇರಿಯು ಏರ್ಪಟ್ಟಿತು. ಅದಕ್ಕೆ ಪೊಲೀಸರಿಲ್ಲ, ದಂಡಿಲ್ಲ.

ಎಲ್ಲಕ್ಕಿಂತಲೂ ಸೋಜಿಗವಾದ ವಿಧಿಯು ಇನ್ನೊಂದು. ಪ್ರತಿಯೊಂದು ದೇಶವೂ ತಾನು ಮಾರಿದ ಅಂಚೆಚೀಟಿಗಳ ಹಣವನ್ನು ಪೂರ್ತಿಯಾಗಿ ತಾನೇ ಇಟ್ಟುಕೊಳ್ಳತಕ್ಕದ್ದು. ಕಾಗದವನ್ನು ಹಂಚುವ ದೇಶಕ್ಕೆ ಅದರಿಂದ ಒಂದು ಕಾಸನ್ನೂ ಕೊಡಬೇಕಾದದ್ದಿಲ್ಲ. ಹಾಗಾದರೆ ಹಂಚುವ ದೇಶವು ಏತಕ್ಕೆ ಒಪ್ಪಿತು? ನಮ್ಮ ಹುಡುಗಿಯ ಪ್ರಶ್ನೆಯು ಇದೇ ಆಗಿತ್ತಷ್ಟೆ. ಒಪ್ಪಿದ್ದಕ್ಕೆ ಕಾರಣವೇನೆಂದರೆ, ಒಂದು ಕಾಗದ ಬಂದರೆ ಅದಕ್ಕೆ ಸಾಮಾನ್ಯವಾಗಿ ಒಂದು ಉತ್ತರ ಹೋಗುವುದೆಂಬ ನಂಬಿಕೆ. ನೀನು ಕಳುಹಿಸಿದ ಕಾಗದವನ್ನು ನಾನು ಹಣವಿಲ್ಲದೆ ಹಂಚುತ್ತೇನೆ. ಅದರ ಉತ್ತರಕ್ಕೆ ನನ್ನವರು ಚೀಟಿ ಕೊಳ್ಳುವರು. ಆ ಉತ್ತರವನ್ನು ನೀನು ಹಣವಿಲ್ಲದೆ ಹಂಚು. ಈ ಒಂದು ಊಹೆಯಿಂದ ಲಕ್ಷಾಂತರ ಲೆಕ್ಕದ ಪುಟಗಳು ಬೇಡವಾದವು. ನಾವು ಇದನ್ನು ಓದಿದಾಗ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆವು. ನೆರೆಮನೆಯವರು ಒಂದು ಪಾತ್ರೆಯಲ್ಲಿ ಏನಾದರೂ ಕಳುಹಿಸಿದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳುಹಿಸುವುದಿಲ್ಲವೆಂಬ ನಮ್ಮ ಮನೆಗಳ ಪದ್ಧತಿಯನ್ನು 22 ಸರಕಾರಗಳು ಕೂತು ಕಾಯಿದೆಯನ್ನಾಗಿ ಬರೆದಂತೆ ನಮಗೆ ಕಂಡಿತು. ಮುಂದೆ 1906ರಲ್ಲಿ ರೋಮಿನಲ್ಲಿ ಕೂಡಿದ ಸಭೆಯು ಉತ್ತರದ ಕೂಪನ್ ಎಂಬುದನ್ನು ಏರ್ಪಡಿಸಿತು. ಕಾಗದ ಬರೆಯುವವನು ತನ್ನ ಊರಿನಲ್ಲಿ ಅದನ್ನು ಕೊಂಡು ಒಳಗಿಟ್ಟು ಕಳುಹಿಸಿದರೆ, ಪಡೆದವನು ತನ್ನ ದೇಶದ ಅಂಚೆಮನೆಯಲ್ಲಿ ಕೊಟ್ಟು, ಉತ್ತರಕ್ಕೆ ಬೇಕಾದ ಚೀಟಿಯನ್ನು ಪಡೆಯಬಹುದು. ಉತ್ತರ ಬರೆಯದಿರುವುದಕ್ಕೆ ಹಣವಿಲ್ಲವೆಂಬ ನೆಪವು ಅಲ್ಲಿಗೆ ತಪ್ಪಿತು.

ನಮ್ಮ ದೇಶವು ಈ ಕೂಟವನ್ನು ಸೇರಿದ್ದು 1876ರ ಜುಲೈ 1ರಂದು. ಆಗ ಅದು ಬ್ರಿಟಿಷ್ ಹಿಂದೂಸ್ಥಾನವಾಗಿತ್ತು. ನಮ್ಮವರನ್ನು ಯಾರೂ ಕೇಳಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾದದ್ದಿಲ್ಲ. ಇಷ್ಟು ದೂರದ ಸಮುದ್ರಪ್ರಯಾಣದ ಖರ್ಚನ್ನು ಯಾರು ಹೊರಬೇಕೆಂಬ ವಾದವು ಆಗ ಬಹಳವಾಗಿ ನಡೆಯಿತು. ಮೂರು ವರ್ಷಗಳ ಮೇಲೆ, 1879ರ ಜುಲೈಯಲ್ಲಿ, ಕಾಲಾಣೆಯ ಕಾರ್ಡು ನಮ್ಮಲ್ಲಿ ಬಳಕೆಗೆ ಬಂದಿತು. ಅಷ್ಟರೊಳಗೆ ಕೂಟದ ಹೆಸರೂ ಬದಲಾಗಿತ್ತು; ದೇಶಗಳು ಒಂದರ ಹಿಂದೊಂದು ಸೇರುತ್ತಾ ಬಂದದ್ದರಿಂದ 1878ರಲ್ಲಿ ಅದಕ್ಕೆ ವಿಶ್ವ ಅಂಚೆ ಒಕ್ಕೂಟವೆಂದು ಹೆಸರಿಡಲ್ಪಟ್ಟಿತು. ಈಗ ಅದರಲ್ಲಿ 192 ದೇಶಗಳಿವೆ. ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೊಂದೇ ಮತ.

ಈ ಒಕ್ಕೂಟವು ಮಾಡಿದ ಸಣ್ಣ ಸಣ್ಣ ನಿಯಮಗಳನ್ನು ಓದುವುದರಲ್ಲಿ ಒಂದು ಸಂತೋಷವುಂಟು. 1897ರಲ್ಲಿ ವಾಷಿಂಗ್ಟನಿನಲ್ಲಿ ಕೂಡಿದವರು, ಪರದೇಶಕ್ಕೆ ಹೋಗುವ ಅಚ್ಚು ಕಾಗದದ ಚೀಟಿ ಹಸುರು, ಕಾರ್ಡಿನದು ಕೆಂಪು, ಕಾಗದದ್ದು ನೀಲಿ ಎಂದು ಬಣ್ಣಗಳನ್ನು ನಿಶ್ಚಯಿಸಿದರು. ಪರಭಾಷೆಯ ಅಂಕಿಗಳನ್ನು ಓದಲರಿಯದ ಗುಮಾಸ್ತನಿಗೂ ಬಣ್ಣವನ್ನು ನೋಡಿ ದರವು ತಿಳಿಯಬೇಕೆಂದು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಪದ್ಧತಿಯು ನಡೆಯಿತು. ಹಳೆಯ ಚೀಟಿಗಳನ್ನು ಸಂಗ್ರಹಿಸುವ ಮಕ್ಕಳು ತಮ್ಮ ಪುಸ್ತಕಗಳಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಕುರುಡರಿಗಾಗಿ ಉಬ್ಬಕ್ಷರದಲ್ಲಿ ಅಚ್ಚಾದ ಪುಸ್ತಕಗಳಿಗೆ ಅಂಚೆಯ ದರವೇ ಬೇಡವೆಂದು 1952ರಲ್ಲಿ ಗೊತ್ತು ಮಾಡಲ್ಪಟ್ಟಿತು. ಯುದ್ಧದಲ್ಲಿ ಸೆರೆಸಿಕ್ಕಿದವರ ಕಾಗದಗಳು ಎಲ್ಲಾ ಅಂಚೆಯ ದರಗಳಿಂದ ವಿನಾಯತಿ ಹೊಂದಬೇಕೆಂಬುದು 1907ರ ಹೇಗ್ ಒಪ್ಪಂದದಲ್ಲಿಯೂ ಬರೆಯಲ್ಪಟ್ಟಿದೆ. 1914ರಿಂದ 1918ರ ವರೆಗಿನ ಮಹಾಯುದ್ಧದಲ್ಲಿ ಒಂದನ್ನೊಂದು ಕೊಲ್ಲಲು ಹೊರಟಿದ್ದ ದೇಶಗಳ ಸೆರೆಯಾಳುಗಳು ತಾಯಂದಿರಿಗೆ ಬರೆದ ಕಾಗದಗಳು ಸ್ವಿಟ್ಜರ್‌ಲೆಂಡಿನಂಥ ತಟಸ್ಥ ದೇಶಗಳ ಅಂಚೆಮನೆಗಳ ಮೂಲಕ ಎರಡು ಕಡೆಗೂ ಹೋಗುತ್ತಿದ್ದವು. ಎರಡು ಮಹಾಯುದ್ಧಗಳು ಒಕ್ಕೂಟದ ಸಭೆಗಳನ್ನು ನಿಲ್ಲಿಸಿದವು. 1914ರಲ್ಲಿ ಮ್ಯಾಡ್ರಿಡ್‌ನಲ್ಲಿ ಆಗಬೇಕಾಗಿದ್ದ ಸಭೆಯು 1920ರಲ್ಲಿ ಆಯಿತು. 1939ರ ಬ್ಯೂನೋಸ್ ಐರಿಸ್ ಸಭೆಯ ಅನಂತರದ್ದು 1947ರಲ್ಲಿ ಪ್ಯಾರಿಸಿನಲ್ಲಿ ಆಯಿತು. ಆದರೆ ಒಡಂಬಡಿಕೆಯನ್ನು ಯಾರೂ ಹರಿದುಹಾಕಲಿಲ್ಲ.

ಬರ್ನ್ ಪಟ್ಟಣದ ಒಂದು ಉದ್ಯಾನದಲ್ಲಿ ಈ ಒಕ್ಕೂಟದ ಸ್ಮಾರಕವೊಂದಿದೆ. ರೆನೆ ದ ಸಾಂ-ಮಾರ್ಸೋ ಎಂಬ ಫ್ರೆಂಚ್ ಶಿಲ್ಪಿಯ ಕೈಯಿಂದಾದ ಈ ಸ್ಮಾರಕವು 1909ರ ಅಕ್ಟೋಬರಿನಲ್ಲಿ ಅನಾವರಣವಾಯಿತು. ಬಂಡೆಯ ಮೇಲೆ ಮೋಡಗಳು, ಮೋಡಗಳ ಮೇಲೆ ಭೂಗೋಲ, ಅದರ ಸುತ್ತಲೂ ಐದು ಖಂಡಗಳನ್ನು ಸೂಚಿಸುವ ಐವರು ಸ್ತ್ರೀಯರು ಗಾಳಿಯಲ್ಲಿ ತೇಲುತ್ತಾ ಒಬ್ಬಳ ಕೈಯಿಂದ ಒಬ್ಬಳ ಕೈಗೆ ಕಾಗದವನ್ನು ದಾಟಿಸುತ್ತಿದ್ದಾರೆ. ಇದೇ ಚಿತ್ರವು ಒಕ್ಕೂಟದ ಚಿಹ್ನೆಯಾಗಿದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಚಿತ್ರವನ್ನು ಗೋಡೆಯ ಮೇಲೆ ತೂಗಹಾಕತಕ್ಕದ್ದೆಂದು ನಮ್ಮ ಅಭಿಪ್ರಾಯ. ಆದರೆ ಆ ಐವರು ಸ್ತ್ರೀಯರು ಲೋಹದಲ್ಲಿ ಎರಕವಾದಾಗ ಬರ್ನಿನ ಸಭೆಗಳಲ್ಲಿ ಕೂತಿದ್ದವರು ಗಡ್ಡಮೀಸೆಗಳ ಗೃಹಸ್ಥರೇ ಎಂಬುದನ್ನೂ ಚಿತ್ರದ ಕೆಳಗೆ ಬರೆದರೆ ತಪ್ಪಾಗದು.

ಇನ್ನು ವಿಶ್ವ ಅಂಚೆ ದಿನದ ಹುಟ್ಟಿಗೆ ಬರೋಣ. 1969ರಲ್ಲಿ ಒಕ್ಕೂಟದ ಮಹಾಸಭೆಯು ಜಪಾನಿನ ಟೋಕಿಯೋ ನಗರದಲ್ಲಿ ಕೂಡಿತು. ಬರ್ನಿನ ಒಡಂಬಡಿಕೆಗೆ ರುಜು ಬಿದ್ದ ದಿನವನ್ನು ವರ್ಷಂಪ್ರತಿ ಎಲ್ಲಾ ದೇಶಗಳೂ ಆಚರಿಸಬೇಕೆಂಬ ಸೂಚನೆಯನ್ನು ಅಲ್ಲಿ ಮಂಡಿಸಿದವರು ಭಾರತದ ಪ್ರತಿನಿಧಿಗಳಲ್ಲಿ ಒಬ್ಬರಾದ ಆನಂದ ಮೋಹನ ನರೂಲಾ ಎಂಬವರು. ಕೇಳದೆ ಸೇರಿಸಲ್ಪಟ್ಟಿದ್ದ ದೇಶವು ಈಗ ಸ್ವತಂತ್ರವಾಗಿ ಬಂದು, ಎಲ್ಲರಿಗೂ ಒಂದು ಹಬ್ಬವನ್ನು ಕೊಟ್ಟಂತಾಯಿತು. 1984ರಲ್ಲಿ ಇದಕ್ಕೆ ವಿಶ್ವ ಅಂಚೆ ದಿನವೆಂಬ ಈಗಿನ ಹೆಸರು ಬಂದಿತು.

ಆದರೆ ಅದೇ ಟೋಕಿಯೋ ಸಭೆಯಲ್ಲಿ ಇನ್ನೊಂದು ನಿರ್ಣಯವೂ ಆಯಿತು. ಇದನ್ನು ಬೆಳಗಿನ ಕೂಟದಲ್ಲಿ ಯಾರೂ ಓದುವುದಿಲ್ಲ. ಪ್ರತಿ ಕಾಗದಕ್ಕೂ ಉತ್ತರವುಂಟೆಂಬ ಊಹೆಯು ಆ ವೇಳೆಗೆ ಸತ್ಯವಾಗಿ ಉಳಿದಿರಲಿಲ್ಲ. ಕೆಲವು ದೇಶಗಳಿಂದ ಪತ್ರಿಕೆಗಳು, ಪುಸ್ತಕಗಳು, ಪ್ರಕಟನೆಗಳು ಮೂಟೆಮೂಟೆಯಾಗಿ ಹೊರಡುತ್ತಿದ್ದವು. ಅವುಗಳನ್ನು ಪಡೆಯುವ ದೇಶಗಳಿಂದ ಅಷ್ಟು ತೂಕದ ಟಪಾಲು ಹಿಂದಿರುಗುತ್ತಿರಲಿಲ್ಲ. ಪ್ರಕಟನೆಗೆ ಯಾರು ಉತ್ತರ ಬರೆದಾರು? ಹೀಗೆ ಹಂಚುವವರ ಮೇಲೆ ಭಾರ ಬಿದ್ದುದರಿಂದ, ಹೆಚ್ಚಾಗಿ ಕಳುಹಿಸಿದ ದೇಶವು ಹೆಚ್ಚಾಗಿ ಹಂಚಿದ ದೇಶಕ್ಕೆ ತೂಕದ ಮೇಲೆ ಹಣ ಕೊಡಬೇಕೆಂದು 1969ರಲ್ಲಿ ಗೊತ್ತಾಗಿ, 1971ರಿಂದ ಆಚರಣೆಗೆ ಬಂದಿತು. 95 ವರ್ಷ ಬೇಡವೆನ್ನಿಸಿಕೊಂಡ ಲೆಕ್ಕದ ಪುಸ್ತಕವು ಪುನಃ ತೆರೆಯಲ್ಪಟ್ಟಿತು. ಹಬ್ಬವೂ ಲೆಕ್ಕವೂ ಒಂದೇ ಸಭೆಯ ಕೂಸುಗಳು. ಇದನ್ನು ನಾವು ಕೊರತೆಯೆಂದು ಹೇಳುತ್ತಿಲ್ಲ. ಬಡದೇಶದ ಅಂಚೆಯವನು ಶ್ರೀಮಂತ ದೇಶದ ಪ್ರಕಟನೆಗಳನ್ನು ಧರ್ಮಾರ್ಥವಾಗಿ ಹೊರಬೇಕೆಂದು ಹೇಳುವುದು ಐಕ್ಯವಲ್ಲ.

ಈ ಲೆಕ್ಕದಿಂದಲೇ ಒಕ್ಕೂಟವು ಒಂದು ಸಾರಿ ಒಡೆಯುವ ಹಂತಕ್ಕೆ ಬಂದಿತ್ತು. ಬಡದೇಶಗಳಿಗೆ ಅನುಕೂಲವಾಗುವಂತೆ ಅವುಗಳಿಗೆ ಕಡಮೆ ದರಗಳು ಗೊತ್ತಾಗಿದ್ದವು. ಕಾಲ ಕಳೆದ ಹಾಗೆ ಜನರು ಕಾಗದ ಬರೆಯುವುದನ್ನು ಬಿಟ್ಟರು. ಅಂಗಡಿಗೆ ಹೋಗದೆ ದೂರದೇಶದಿಂದ ಸಾಮಾನು ತರಿಸುವುದನ್ನು ಕಲಿತರು. ಚೀನಾ ದೇಶದಿಂದ ಹೊರಟ ಸಣ್ಣ ಪೊಟ್ಟಣಗಳು ಆ ಕಡಮೆ ದರದಲ್ಲಿಯೇ ಅಮೇರಿಕಾದಲ್ಲಿ ಹಂಚಲ್ಪಡತೊಡಗಿದವು. ತಮ್ಮ ಊರಿನೊಳಗೆ ಒಂದು ಪೊಟ್ಟಣ ಕಳುಹಿಸುವುದಕ್ಕಿಂತ ಚೀನಾದಿಂದ ಕಳುಹಿಸುವುದೇ ಅಗ್ಗವಾಗಿದೆಯೆಂದು ಅಮೇರಿಕಾದ ವರ್ತಕರು ದೂರಿದರು. ದೂರಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. 2018ರ ಅಕ್ಟೋಬರಿನಲ್ಲಿ ಅಮೇರಿಕಾ ಸರಕಾರವು ಒಂದು ವರ್ಷದ ಗಡುವಿಟ್ಟು, ಒಕ್ಕೂಟವನ್ನು ಬಿಡುವೆವೆಂದು ನೋಟೀಸು ಕೊಟ್ಟಿತು. 1863ರಲ್ಲಿ ಎಲ್ಲರನ್ನೂ ಕರೆದ ದೇಶವೇ ಹೊರಗೆ ಹೊರಟಿತು! ಗಡುವು ಮುಗಿಯುವುದಕ್ಕೆ ಮುಂಚೆ, 2019ರ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ವಿಶೇಷ ಮಹಾಸಭೆಯು ಕೂಡಿತು. ಒಕ್ಕೂಟದ ಇತಿಹಾಸದಲ್ಲಿ ಇಂಥ ವಿಶೇಷ ಸಭೆಯು ಮೂರನೆಯದು. ಹೊರಗಿನಿಂದ ಅತಿ ಹೆಚ್ಚಾಗಿ ಟಪಾಲು ಪಡೆಯುವ ದೇಶಗಳು 2020ರ ಜುಲೈಯಿಂದಲೇ, ಮಿಕ್ಕವು ಕ್ರಮಕ್ರಮವಾಗಿ, ತಮ್ಮ ದರಗಳನ್ನು ಮಿತಿಯೊಳಗೆ ತಾವೇ ನಿಶ್ಚಯಿಸಬಹುದೆಂದು ಎಲ್ಲರೂ ಒಪ್ಪಿದರು. ಅಮೇರಿಕಾ ಉಳಿಯಿತು.

ಒಕ್ಕೂಟದ ಬಲವೆಷ್ಟು, ನಿರ್ಬಲವೆಷ್ಟು ಎಂಬುದು 2025ರಲ್ಲಿ ನಮ್ಮ ಮನೆಬಾಗಿಲಿಗೇ ಬಂದಿತು. ಅಮೇರಿಕಾ ಸರಕಾರವು 800 ಡಾಲರಿನ ವರೆಗಿನ ಸಾಮಾನುಗಳಿಗಿದ್ದ ಸುಂಕದ ವಿನಾಯತಿಯನ್ನು ಆ ವರ್ಷದ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಿ ಕಟ್ಟಬೇಕೆಂಬುದು ಸ್ಪಷ್ಟವಾಗದೆ ಅನೇಕ ದೇಶಗಳ ಅಂಚೆಗಳು ಅಲ್ಲಿಗೆ ಸಾಮಾನು ಕಳುಹಿಸುವುದನ್ನು ನಿಲ್ಲಿಸಿದವು. ನಮ್ಮ ಅಂಚೆಯೂ ಆಗಸ್ಟ್ 25ರಿಂದ ಹೆಚ್ಚಿನ ವಸ್ತುಗಳನ್ನು ನಿಲ್ಲಿಸಿ, ಆ ತಿಂಗಳ ಕೊನೆಗೆ ಕಾಗದಗಳನ್ನೂ ನಿಲ್ಲಿಸಿತು. ಅಕ್ಟೋಬರ್ 15ರಂದು ಪುನಃ ಆರಂಭಿಸಿತು. ಅಕ್ಟೋಬರ್ 9ನೆಯ ತಾರೀಖು ಈ ನಿಲುಗಡೆಯ ಮಧ್ಯದಲ್ಲಿಯೇ ಬಂದು ಹೋಯಿತು. ಒಂದು ಹಾಳೆಯ ಕಾಗದವನ್ನು ಕೂಡ ಭಾರತದ ಅಂಚೆಯ ಮೂಲಕ ಅಮೇರಿಕಾಕ್ಕೆ ಕಳುಹಿಸಲಾಗದ ವಿಶ್ವ ಅಂಚೆ ದಿನವದು. ಬರ್ನಿನ ಒಡಂಬಡಿಕೆಯಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಆದರೆ ಚೀಲವು ಹಡಗನ್ನೋ ವಿಮಾನವನ್ನೋ ಹತ್ತದಿದ್ದರೆ ಅಕ್ಷರಗಳು ಮಾಡುವುದೇನು? ಅದೇ ವರ್ಷದ ಡಿಸೆಂಬರ್ 30ರಂದು, ಬರ್ನಿನಲ್ಲಿ ರುಜು ಹಾಕಿದ್ದ ಡೆನ್ಮಾರ್ಕ್ ದೇಶದಲ್ಲಿ ನಾಲ್ಕು ನೂರು ವರ್ಷಗಳಿಂದ ನಡೆದುಬಂದ ಅಂಚೆಯ ಸಂಸ್ಥೆಯು ಕಾಗದ ಹಂಚುವುದನ್ನೇ ಬಿಟ್ಟುಬಿಟ್ಟಿತು. ಬರೆಯುವವರಿಲ್ಲವೆಂದು ಕಾರಣ ಹೇಳಿದರು. ಅಲ್ಲಿ ಆ ಕೆಲಸವನ್ನು ಈಗ ಖಾಸಗಿ ಕಂಪೆನಿಯೊಂದು ನೋಡಿಕೊಳ್ಳುತ್ತದೆ.

ಬರೆಯುವವರು ಇರಬೇಕೆಂದೇ ಒಕ್ಕೂಟವು 1971ರಿಂದ ಮಕ್ಕಳಿಗಾಗಿ ಅಂತರರಾಷ್ಟ್ರೀಯ ಪತ್ರಲೇಖನ ಸ್ಪರ್ಧೆಯೊಂದನ್ನು ನಡೆಸುತ್ತಿದೆ. 9ರಿಂದ 15 ವರ್ಷದ ವರೆಗಿನವರು ಸೇರಬಹುದು. ನಮ್ಮ ದೇಶದಲ್ಲಿ ಅಂಚೆ ಇಲಾಖೆಯವರ ಮೂಲಕ ನಡೆಯುವ ಈ ಸ್ಪರ್ಧೆಗೆ ಕನ್ನಡದಲ್ಲಿಯೂ ಬರೆಯಬಹುದೆಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಇಂಗ್ಲಿಷಿನಲ್ಲಿಯೇ ಬರೆಯಬೇಕೆಂದು ಹೆದರಿ ಹಿಂದೆ ನಿಂತವರು ನಮ್ಮಲ್ಲಿ ಹಲವರಿದ್ದಾರೆ.

ಮೂರು ವಾರಗಳ ಮೇಲೆ ನಾವು ಆ ಹುಡುಗಿಯನ್ನು ಕರೆದು ಉತ್ತರ ಹೇಳಿದೆವು. ಮೊದಲು ಯಾರೂ ಕೊಡುತ್ತಿರಲಿಲ್ಲವೆಂದೂ, ಉತ್ತರ ಬರುವುದೆಂಬ ನಂಬಿಕೆಯೇ ಕೂಲಿಯಾಗಿತ್ತೆಂದೂ, ಈಗ ನಮ್ಮ ಅಂಚೆಯವರು ಜರ್ಮನಿಯ ಅಂಚೆಯವರಿಗೆ ಲೆಕ್ಕ ಹಾಕಿ ಸ್ವಲ್ಪ ಹಣ ಸಲ್ಲಿಸುವರೆಂದೂ ವಿವರಿಸಿದೆವು. ಅವಳು ಎಲ್ಲವನ್ನೂ ಕೇಳಿ, “ಹಾಗಾದರೆ ದೊಡ್ಡಮ್ಮ ಉತ್ತರ ಬರೆಯಲೇಬೇಕು, ಟೀಚರೇ” ಎಂದಳು. ಬರೆಯದಿದ್ದರೆ ನಮಗೆ ನಷ್ಟವೆಂದು ಅವಳ ಅರ್ಥ. ಹೋದ ಸಾರಿಯ ಕಾಗದಕ್ಕೆ ದೊಡ್ಡಮ್ಮನವರು ಟೆಲಿಫೋನಿನಲ್ಲಿಯೇ ಮಾತನಾಡಿ ಮುಗಿಸಿದ್ದರಂತೆ.

ಉತ್ತರವು ಮಳೆಗಾಲ ಹಿಡಿದ ಮೇಲೆ ಬಂದಿತು. ಅಂಚೆಯವನು ಅದನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಶಾಲೆಯ ಗೇಟಿನಲ್ಲಿ ನಿಂತು ಅವಳ ಹೆಸರನ್ನು ಕೂಗಿದನು. ಅವಳು ಲಕೋಟೆಯನ್ನು ಒಡೆಯುವ ಮೊದಲು ಅದರ ಮೇಲಿನ ಜರ್ಮನಿಯ ಚೀಟಿಗಳನ್ನು ಎಣಿಸಿ ನೋಡುತ್ತಿದ್ದುದನ್ನು ನಾವು ಜಗಲಿಯಿಂದ ಕಂಡೆವು.